ಮೂರು ಗಂಟೆ ಮುಂದಿದ್ದ ಮನೆ

ಗೋದಾಮಿನ ರಾತ್ರಿ ಕಾವಲಿಗೆ ತನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲವೆಂದು, ಬೀದಿಗೆಲ್ಲ ಚಿಕ್ಕಪ್ಪನಾದ ನಮ್ಮ ಚಿಕ್ಕಪ್ಪ ಸಂದರ್ಶನದ ಹಿಂದಿನ ದಿನವೇ ಡಂಗುರ ಸಾರಿಬಿಟ್ಟ! ಕಾರ್ಖಾನೆ ಮುಚ್ಚಿ ಏಳು ತಿಂಗಳು. ಮನೆಯಲ್ಲಿ ಕೂತು ಕೂತು ಅವನಿಗೂ ಸಾಕಾಗಿತ್ತು, ಅವನನ್ನು ನೋಡಿ ನೋಡಿ ಚಿಕ್ಕಮ್ಮನಿಗೂ ಸಾಕಾಗಿತ್ತು. ಇದೂ ಕೈತಪ್ಪಿದರೆ ಚಿಕ್ಕಮ್ಮನ ತಮ್ಮನ ಅಂಗಡಿಯಲ್ಲಿ ಕೈಕಟ್ಟಿ ನಿಲ್ಲಬೇಕು. ಅದಕ್ಕಿಂತ ದೊಡ್ಡ ಶಿಕ್ಷೆ ಭೂಮಿಯ ಮೇಲೆ ಇಲ್ಲವೆಂದು ಅವನ ನಂಬಿಕೆ.

ಸಂಜೆಯಿಡೀ ಚಿಕ್ಕಮ್ಮ ಸಾಹೇಬರಾಗಿ ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳಿದಳು. ಅವನು ನಿಂತು, ಕೂತು, ಅತ್ತಿಂದಿತ್ತ ಶತಪಥ ಹಾಕಿ ಉತ್ತರ ಕೊಟ್ಟ.

"ನಿದ್ದೆ ಬಂದ್ರೆ ಏನ್ ಮಾಡ್ತೀರಿ?"

"ನಿದ್ದೆಗೂ ನಂಗೂ ಎಣ್ಣೆ ಸೀಗೆಕಾಯಿ, ಸಾರ್."

ಅಜ್ಜಿ ಬಾಯಿ ಮುಚ್ಚಿಕೊಂಡು ನಕ್ಕಳು. ಹುಟ್ಟಿದಾಗಿನಿಂದ ಆ ಮಗನನ್ನು ಎಬ್ಬಿಸಿದವಳು ಅವಳೇ ತಾನೆ!

ಅವನು ಹೊತ್ತಿಗೆ ಸರಿಯಾಗಿ ಎಲ್ಲಿಗೂ ಹೋದವನಲ್ಲ. ಇದ್ದೊಂದು ಮೊಬೈಲು ರಿಪೇರಿಗೆ ಹೋಗಿ, ಗೋಡೆ ಗಡಿಯಾರವೇ ಗತಿಯಾಗಿತ್ತು. ಮಗ ತಡಮಾಡಬಾರದೆಂದು ಅಜ್ಜಿ ಸ್ಟೂಲು ಹತ್ತಿ ಮುಳ್ಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದಳು. ಅವಳು ಅಡುಗೆಮನೆಗೆ ಹೋಗಿದ್ದೇ ತಡ, ಚಿಕ್ಕಮ್ಮ ಬಂದು ತಾನೂ ಒಂದು ಗಂಟೆ ತಿರುಗಿಸಿದಳು. ಮಲಗುವ ಮುಂಚೆ ಚಿಕ್ಕಪ್ಪ, ತನ್ನ ಮೇಲೆ ತನಗೇ ನಂಬಿಕೆ ಸಾಲದೆ, ಇನ್ನೊಂದು ಗಂಟೆ. ಯಾರೂ ಯಾರಿಗೂ ಹೇಳಲಿಲ್ಲ.

ಹೊರಳಾಡಿ ಹೊರಳಾಡಿ ಎದ್ದಾಗ ಗಡಿಯಾರದಲ್ಲಿ ಏಳು, ಹೊರಗೆ ಕಗ್ಗತ್ತಲು! ಮೋಡ ಕವಿದಿರಬೇಕೆಂದು ಮೂವರೂ ತೀರ್ಮಾನಿಸಿದರು. ಅವನು ಏದುಸಿರು ಬಿಡುತ್ತ ಗೋದಾಮು ಮುಟ್ಟಿದಾಗ, ಗೇಟಿನವನು ಆಕಳಿಸುತ್ತ, ಈಗಿನ್ನೂ ಐದೂವರೆ, ಸಂದರ್ಶನ ಹತ್ತಕ್ಕೆ ಎಂದ. ಚಿಕ್ಕಪ್ಪ ಬೆಂಚಿನ ಮೇಲೆ ಕೂತು ಉತ್ತರಗಳನ್ನೆಲ್ಲ ಒಪ್ಪಿಸಿಕೊಂಡ. ಎರಡನೇ ಸುತ್ತಿಗೆ ಕಣ್ಣು ಎಳೆಯಿತು.

ಯಾರೋ ಭುಜ ಅಲುಗಿಸಿದರು.

"ಇನ್ನೈದು ನಿಮಿಷ ಕಣಮ್ಮ," ಎಂದು ಅವನು ಮಗ್ಗುಲು ಬದಲಿಸಿದ.

ಕಣ್ಣು ಬಿಟ್ಟರೆ ಎದುರಿಗೆ ಮ್ಯಾನೇಜರು, ಅವರ ಹಿಂದೆ ಕೆಲಸಕ್ಕೆ ಬಂದವರೆಲ್ಲ ಸಾಲಾಗಿ! ಹನ್ನೊಂದಾಗಿತ್ತು. ಮೂರು ಸಲ ಹೆಸರು ಕೂಗಿದ್ದರಂತೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ. ಮ್ಯಾನೇಜರಿಗೆ ಕೋಪ ಬಂದಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

"ಕೆಲಸ ಕೊಡೋದೇನೋ ಕೊಡಬಹುದು," ಎಂದರು. "ನಿಮ್ಮನ್ನ ಎಬ್ಬಿಸೋಕೆ ಇನ್ನೊಬ್ಬ ಕಾವಲುಗಾರನ್ನ ಎಲ್ಲಿಂದ ತರ್ಲಿ?"

ಮನೆಯ ಬಾಗಿಲಲ್ಲೇ ಕಾದಿದ್ದ ಚಿಕ್ಕಮ್ಮ, ಏನೇನು ಕೇಳಿದರೆಂದು ವಿಚಾರಿಸಿದಳು.

"ಒಂದೇ ಪ್ರಶ್ನೆ ಕಣೇ. ನಾವು ಓದ್ಕೊಂಡಿದ್ರಲ್ಲಿ ಇರ್ಲಿಲ್ಲ." ಚಿಕ್ಕಪ್ಪ ನಿಧಾನವಾಗಿ ಚಪ್ಪಲಿ ಬಿಟ್ಟ. "ನಿನ್ ತಮ್ಮ ಬೆಳಿಗ್ಗೆ ಅಂಗಡಿ ಎಷ್ಟೊತ್ತಿಗೆ ತೆಗೀತಾನೆ?"