ನಮ್ಮ ಮನೆಯ ನಿಶ್ಶಸ್ತ್ರೀಕರಣ

ನನ್ನ ಗಂಡ ಹಟಮಾರಿ. ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು; ಮನುಷ್ಯರ ಮೇಲೆ ಗಮನವೇ ಇಲ್ಲದ ಹಟಮಾರಿ. ಅವರಿಗೆ ಬಾಯೊಳಗಿನ ಹಲ್ಲು ಕಾಣುತ್ತದೆ, ಆ ಬಾಯಿ ಯಾರದೆಂದು ಕಾಣುವುದಿಲ್ಲ. ನಾನು ಕನ್ನಡಕದ ಚೌಕಟ್ಟು ಬದಲಾಯಿಸಿ ಎಷ್ಟೋ ತಿಂಗಳಾದ ಮೇಲೆ, "ಏನೇ, ನಿನ್ನ ಮುಖ ಯಾಕೋ ಚೌಕ ಆದ ಹಾಗಿದೆ, ಸರಿಯಾಗಿ ಊಟ ಮಾಡ್ತಿದ್ದೀಯಾ?" ಎಂದು ಕೇಳಿದ ಮಹಾನುಭಾವರು. ಅದೇ ತಮ್ಮ ಚಾಕುವಿನ ಅಲಗಿನ ಮೇಲೆ ಕೂದಲೆಳೆಯಷ್ಟು ಗೀರು ಬೀಳಲಿ, ಪಕ್ಕದ ಕೋಣೆಯಿಂದಲೇ ಗೊತ್ತಾಗುತ್ತದೆ! ಇದು ದಾಂಪತ್ಯದುದ್ದಕ್ಕೂ ಸಾಕ್ಷ್ಯ ಕಲೆಹಾಕಿ ನಾನು ಕೊಟ್ಟ ತೀರ್ಪು. ಮೇಲ್ಮನವಿಗೆ ಅವಕಾಶವಿಲ್ಲ.

ಅವರು ಹಲ್ಲಿನ ಡಾಕ್ಟರು; ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ಹವ್ಯಾಸ, ಹಳೆಯ ಮಡಚುವ ಚಾಕುಗಳನ್ನು ಕೂಡಿಡುವುದು. ಒಂದು ಚಾಕು ಸದಾ ಪ್ಯಾಂಟಿನ ಬಲಜೇಬಿನಲ್ಲಿರುತ್ತದೆ. ಕೊಂಬಿನ ಹಿಡಿ, ಹೆಬ್ಬೆರಳು ಕೂರುವ ಕಡೆ ಸವೆದು ತಗ್ಗಾಗಿದೆ. ನಮ್ಮ ಮದುವೆಯ ದಿನವೂ ಅದು ಜೇಬಿನಲ್ಲಿತ್ತು. ಯಾರೋ ಕೊಟ್ಟ ಉಡುಗೊರೆಯ ದಾರ ಬಿಚ್ಚಲು ನಾನು ಒದ್ದಾಡುತ್ತಿದ್ದಾಗ ಮದುಮಗ ಜೇಬಿಗೆ ಕೈಹಾಕಿ 'ಟಕ್' ಎಂದು ಚಾಕು ತೆರೆದರು. ನನ್ನ ಅಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಬದುಕಿದ್ದಷ್ಟು ದಿನವೂ ಅಳಿಯನ ಜೊತೆ ತೀರಾ ಸೌಮ್ಯವಾಗಿ ಮಾತಾಡಿದರು.

ಮಿಕ್ಕ ಚಾಕುಗಳು ಹಳೇ ಸಾಮಾನಿನ ಅಂಗಡಿಗಳಿಂದ ಬಂದವು. ಬರುವಾಗ ತುಕ್ಕಿನ ಮುದ್ದೆ. ಕ್ಲಿನಿಕ್ಕಿನ ದೀಪ ಹೊತ್ತಿಸಿ, ಬಿಳಿ ಕೋಟು ತೊಟ್ಟು, ಅಲಗು ತೆರೆಯಲೆಂದೇ ಇರುವ ಗೀರಿಗೆ ಉಗುರು ಸಿಕ್ಕಿಸಿ, "ಎಲ್ಲಿ, ಬಾಯಿ ತೆಗೀರಿ... ಇನ್ನೂ ಸ್ವಲ್ಪ ಅಗಲ..." ಎನ್ನುತ್ತಿದ್ದರು. "ಅಯ್ಯೋ ಪಾಪ, ಬುಡದಲ್ಲಿ ಹುಳುಕು ಹತ್ತಿದೆ. ಇವರನ್ನ ಯಾರೂ ನೋಡ್ಕೊಂಡೇ ಇಲ್ಲ ಕಣೇ!" ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತುಕ್ಕು ತಿಕ್ಕಿ, ಮರದ ಹಿಡಿಯನ್ನು ಉಜ್ಜಿ ನುಣುಪಾಗಿಸಿ, ಎಣ್ಣೆ ಕುಡಿಸಿ, ಮೇಣ ಹಚ್ಚಿ, ಕೊನೆಗೆ ಸಾಣೆಕಲ್ಲಿನ ಮೇಲೆ ಮಸೆದರೆ ಸತ್ತ ಚಾಕು ಎದ್ದು ಕೂರುತ್ತಿತ್ತು. ಹರಿತ ನೋಡಲು ನ್ಯೂಸ್‌ಪೇಪರನ್ನು ಗಾಳಿಯಲ್ಲಿ ಹಿಡಿದು ಸರ್ರೆಂದು ಸೀಳುತ್ತಿದ್ದರು. ಸಾಮಾನ್ಯವಾಗಿ ನಾನು ಇನ್ನೂ ಓದದ ಪುಟ!

ಒಂದು ದಿನ ಅರಿವಳಿಕೆಯ ಸೂಜಿ ಹಿಡಿದ ಕೈ ನಡುಗಿತು. ಬಾಯಿ ತೆರೆದು ಕೂತಿದ್ದ ಪೋಸ್ಟ್‌ಮ್ಯಾನ್ ಕಣ್ಣನ್ನೂ ಅಷ್ಟೇ ಅಗಲ ತೆರೆದನಂತೆ. ಇವರು ಸೂಜಿಯನ್ನು ತಟ್ಟೆಗಿಟ್ಟು, "ಇವತ್ತು ಬೇಡ, ಬೇರೆ ಡಾಕ್ಟರ ಹತ್ತಿರ ಹೋಗಿ" ಎಂದರು. ಮಾರನೆಯ ದಿನ ಕ್ಲಿನಿಕ್ಕಿನ ಬೋರ್ಡನ್ನು ತಾವೇ ಇಳಿಸಿದರು. ಅದರ ಸ್ಕ್ರೂ ಬಿಚ್ಚಿದ್ದೂ ಜೇಬಿನ ಚಾಕುವಿನಿಂದಲೇ. ನಾನು ಏನೂ ಕೇಳಲಿಲ್ಲ, ಅವರು ಏನೂ ಹೇಳಲಿಲ್ಲ. ನಮ್ಮ ಸಂಸಾರ ನಡೆದುಬಂದದ್ದೇ ಹಾಗೆ.

ನಡುಕ ಇನ್ನು ಹೆಚ್ಚಾಗುವುದೇ ಹೊರತು ಕಡಿಮೆಯಾಗುವುದಿಲ್ಲ ಎಂದರು ನರದ ಡಾಕ್ಟರು. ಮಗಳು ಫೋನ್ ಮಾಡಿದಳು.

"ಅಮ್ಮ, ಮೊದಲು ಆ ಚಾಕುಗಳನ್ನೆಲ್ಲ ಎತ್ತಿಡು."

"ನಿನ್ನ ಅಪ್ಪನಿಗೆ ನೀನೇ ಹೇಳು."

"ಹೇಳಿದೆ. 'ಆಯ್ತು ಪುಟ್ಟಿ' ಅಂದ್ರು."

"ಹಾಗಂದ್ರೆ ಆಗಲ್ಲ ಅಂತ ಅರ್ಥ."

ನಾನು ನೇರವಾಗಿಯೇ ಕೇಳಿದೆ. "ರೀ, ಚಾಕುಗಳನ್ನ ಕೊಟ್ಟುಬಿಡಿ."

"ಯಾಕೆ? ತರಕಾರಿ ಹೆಚ್ಚಬೇಕಾ?"

"ಕೈ ಕುಯ್ಕೊಳ್ತೀರಿ."

"ಇಷ್ಟು ವರ್ಷ ಕುಯ್ಕೊಂಡಿದ್ದೀನಾ?"

"ಇಷ್ಟು ವರ್ಷ ಕೈ ನಡುಗ್ತಿರಲಿಲ್ಲ."

ಅವರು ತಮ್ಮ ಕೈಗಳನ್ನೇ ನೋಡಿದರು. "ಡ್ರಿಲ್ ಕೊಟ್ಟೆ. ಸೂಜಿ ಕೊಟ್ಟೆ. ಕಾರಿನ ಕೀಲಿ ನೀನು ಇಸ್ಕೊಂಡೆ. ಇದನ್ನೂ ಕೊಟ್ಟರೆ ಈ ಕೈಗಳಿಗೆ ಏನು ಕೆಲಸ ಹೇಳು, ಪ್ರೊಫೆಸರೇ? ಚಪ್ಪಾಳೆ ತಟ್ಟೋದಾ?"

ಪ್ರೊಫೆಸರೇ ಎಂದದ್ದು ನನ್ನನ್ನು. ಭೌತವಿಜ್ಞಾನ ಕಲಿಸಿದವಳು ನಾನು. ಒಂದು ಇಡೀ ವಿಭಾಗವನ್ನು ಬರೀ ಹುಬ್ಬಿನಿಂದ ಆಳಿದವಳು! ಒಬ್ಬ ಮುದಿ ಹಲ್ಲಿನ ಡಾಕ್ಟರನ್ನು ನಿಶ್ಶಸ್ತ್ರಗೊಳಿಸಲಾರೆನೆ? ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಅಂಚು ಅಗಲವಾದರೆ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದರೆ ಚರ್ಮ ಕ್ಷೇಮ. ಅಂದರೆ, ಚಾಕುಗಳನ್ನು ಕಿತ್ತುಕೊಳ್ಳುವುದೇ ಬೇಡ. ಗುಟ್ಟಾಗಿ ಮೊಂಡು ಮಾಡಿದರೆ ಸಾಕು! ಮೊಂಡಾದದ್ದು ಅವರಿಗೆ ಖಂಡಿತ ತಿಳಿಯುತ್ತದೆ. ಮೊಂಡು ಮಾಡಿದವರು ಯಾರೆಂದು ತಿಳಿಯುವುದಿಲ್ಲ. ಮನುಷ್ಯರನ್ನು ಗಮನಿಸುವ ಅಭ್ಯಾಸ ಇದ್ದರೆ ತಾನೆ!

ಸಂಜೆ ಅವರು ವಾಕಿಂಗ್ ಹೊರಟ ಕೂಡಲೇ ಕಾರ್ಯಾಚರಣೆ ಆರಂಭವಾಯಿತು. ಕ್ಲಿನಿಕ್ಕಿನ ಬೀರುವಿನಿಂದ ಚಾಕುಗಳನ್ನು ಮಡಿಲು ತುಂಬ ತಂದು ಹಿತ್ತಿಲ ಕಲ್ಲುಮೆಟ್ಟಿಲ ಮೇಲೆ ಕೂತೆ. ಅಂಚನ್ನು ನೆಟ್ಟಗೆ ಕಲ್ಲಿಗಿಟ್ಟು ಗರಗರ ಉಜ್ಜಿದೆ. ಕಪ್ಪು ಕಲ್ಲಿನ ಮೇಲೆ ಬಿಳಿ ಗೆರೆಗಳೆದ್ದವು. ಉತ್ಸಾಹ ಎಷ್ಟಿತ್ತೆಂದರೆ ಪಕ್ಕದ ಮನೆಯ ಹೊಲಿಗೆ ಯಂತ್ರ ನಿಂತದ್ದು ಕೂಡ ನನಗೆ ಕೇಳಿಸಲಿಲ್ಲ.

ಪಕ್ಕದ ಮನೆಯವರು ಟೈಲರಮ್ಮ. ಅವರ ಕಿಟಕಿಯಿಂದ ನಮ್ಮ ಹಿತ್ತಿಲು ಪೂರ್ತಿ ಕಾಣುತ್ತದೆ. ಅವರಿಗೆ ಕಂಡ ದೃಶ್ಯ ಇದು: ಎಂದೂ ನಗದ ಪ್ರೊಫೆಸರ್ ಮೇಡಂ ಮಡಿಲಲ್ಲಿ ಚಾಕುಗಳ ರಾಶಿ ಹಾಕಿಕೊಂಡು, ಹಲ್ಲು ಕಚ್ಚಿ, ಒಂದೊಂದನ್ನೂ ಮಸೆಯುತ್ತಿದ್ದಾರೆ, ನಡುನಡುವೆ ಗಂಡ ಬಂದರೇ ಎಂದು ಗೇಟಿನ ಕಡೆ ನೋಡುತ್ತಿದ್ದಾರೆ!

ಅಳತೆ ಟೇಪು ಕೊರಳಲ್ಲಿ ನೇತಾಡುತ್ತಿರುವಂತೆಯೇ ಓಡಿಬಂದರು. "ಮೇಡಂ, ಏನೇ ಇದ್ದರೂ ಕೂತು ಮಾತಾಡೋಣ."

"ಏನು ಮಾತಾಡೋದು? ನನಗೆ ಕೆಲಸ ಇದೆ."

"ಡಾಕ್ಟ್ರು ಒಳ್ಳೆಯವರು ಮೇಡಂ. ನನ್ನ ದವಡೆ ಹಲ್ಲು ಕಿತ್ತಾಗ ನೋವೇ ಆಗಲಿಲ್ಲ."

"ಹಲ್ಲು ಹಾಗಿರಲಿ. ಇದು ಅವರಿಗೆ ಗೊತ್ತಾಗಬಾರದು. ನೀವು ಬಾಯಿ ಬಿಡಬೇಡಿ."

ಟೈಲರಮ್ಮ ಮೆಟ್ಟಿಲ ಮೇಲೆ ಕುಸಿದರು. "ಈ ವಯಸ್ಸಿನಲ್ಲಿ ಬೇಕಾದ್ರೆ ಡೈವೋರ್ಸ್ ತಗೊಳ್ಳಿ ಮೇಡಂ, ಯಾರೂ ಏನೂ ಅನ್ನಲ್ಲ. ಇದೊಂದು ಬೇಡ!"

ಅರ್ಥ ಮಾಡಿಸುವಷ್ಟರಲ್ಲಿ ಸಾಕುಸಾಕಾಯಿತು. ಹೋಗುವಾಗಲೂ ಅವರಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಒಂದು ಚಾಕುವನ್ನು ಅಂಗೈಗೆ ಉಜ್ಜಿ ನೋಡಿಯೇ ಹೋದರು.

ಕತ್ತಲಾಗುವ ಮೊದಲೇ ಎಲ್ಲವೂ ಬೀರುವಿನಲ್ಲಿದ್ದವು. ಜೇಬಿನದೊಂದು ಮಾತ್ರ ನನ್ನ ಕೈಗೆ ಸಿಗಲಿಲ್ಲ. ಸ್ನಾನಕ್ಕೆ ಹೋದರೂ ಪ್ಯಾಂಟು ಜೊತೆಯಲ್ಲೇ ಒಳಗೆ ಹೋಗುತ್ತಿತ್ತು. ಹೋಗಲಿ, ಇಡೀ ಸೇನೆ ಶರಣಾದ ಮೇಲೆ ಒಬ್ಬ ಸಿಪಾಯಿ ಏನು ಮಾಡಿಯಾನು ಎಂದು ಜಂಬದಿಂದ ಮಲಗಿದೆ.

ಬೆಳಿಗ್ಗೆ ಕ್ಲಿನಿಕ್ಕಿನಿಂದ ಪೇಪರು ಹರಿದ ಸದ್ದು ಕೇಳಿಸಿತು. ಸರ್ರೆಂದು ಸೀಳಿದ ಸದ್ದಲ್ಲ, ಪರಪರ ಹರಿದ ಸದ್ದು. ಇನ್ನೊಂದು ಚಾಕು. ಮತ್ತೆ ಪರಪರ. ಈಗ ಕಿರುಚುತ್ತಾರೆ, ಉಕ್ಕನ್ನು ಬೈಯುತ್ತಾರೆ, ಸಾಣೆಕಲ್ಲನ್ನು ಬೈಯುತ್ತಾರೆ ಎಂದು ಉತ್ತರಗಳನ್ನು ಸಿದ್ಧಮಾಡಿಕೊಂಡು ಬಾಗಿಲ ಬಳಿ ನಿಂತೆ. ಅವರು ಕಿರುಚಲಿಲ್ಲ.

"ಸಾಣೆ ಹಿಡಿಯೋದೂ ಮರೆತುಹೋಗಿದೆ ಕಣೇ ಈ ಕೈಗೆ" ಎಂದರು, ಪೇಪರಿನ ಚೂರುಗಳನ್ನು ಒಂದೊಂದಾಗಿ ಹೆಕ್ಕುತ್ತ.

ಆಮೇಲೆ ಅವರು ಬೀರು ತೆರೆಯಲಿಲ್ಲ. ಬಿಳಿ ಕೋಟು ಮೊಳೆಗೆ ನೇತುಬಿದ್ದಿತ್ತು. ರೋಗಿಗಳ ಕುರ್ಚಿಯಲ್ಲಿ ತಾವೇ ಒರಗಿ, ಹೊತ್ತಿಸದ ದೀಪ ನೋಡುತ್ತ ಮಧ್ಯಾಹ್ನಗಳನ್ನು ಕಳೆದರು. ಊಟಕ್ಕೆ ಕರೆದರೆ ಬಂದರು. ಮುಗಿಸಿ ಮತ್ತೆ ಅಲ್ಲಿಗೇ ಹೋದರು. ಯಾವ ಪುಟವನ್ನೂ ಸೀಳದ ಪೇಪರು ನನಗೆ ಅಖಂಡವಾಗಿ ಸಿಗತೊಡಗಿತು. ಅದರಲ್ಲಿ ಓದುವಂಥದ್ದು ಏನೂ ಇರಲಿಲ್ಲ.

"ಅಪ್ಪ ಹೇಗಿದ್ದಾರೆ?" ಎಂದು ಮಗಳು ಕೇಳಿದಳು.

"ಕ್ಷೇಮವಾಗಿದ್ದಾರೆ" ಎಂದೆ. ಸಮೀಕರಣದ ಪ್ರಕಾರ ಅದು ಸರಿಯಾದ ಉತ್ತರವೇ.

ಹಾಗೆ ಮತ್ತೊಂದು ಮಹಾಸಂಕಲ್ಪ ಹುಟ್ಟಿತು: ಗುಟ್ಟಾಗಿ ಮೊಂಡು ಮಾಡಿದವಳು ಗುಟ್ಟಾಗಿಯೇ ಹರಿತ ಮಾಡುವುದು! ಕೋನ ತಿಳಿದವಳಿಗೆ ಸಾಣೆ ಯಾವ ಲೆಕ್ಕ! ಅವರು ವಾಕಿಂಗ್ ಹೊರಟ ಮೇಲೆ ಅವರದೇ ಸಾಣೆಕಲ್ಲು ತಂದು, ನೀರು ಚಿಮುಕಿಸಿ, ಅದೇ ಮೆಟ್ಟಿಲ ಮೇಲೆ ಕೂತೆ. ಉಜ್ಜಿದೆ, ಉಜ್ಜಿದೆ, ತೋಳು ಬಿದ್ದುಹೋಗುವಷ್ಟು ಉಜ್ಜಿದೆ. ಕೋನ ಜ್ಞಾಪಕದಲ್ಲಿತ್ತು. ಹಳೆಯ ಮಡಚುವ ಚಾಕುವಿಗೆ ಅಲಗನ್ನು ತಡೆದು ಹಿಡಿಯುವ ಕೊಕ್ಕೆಯಿಲ್ಲ, ಅಲಗಿನ ಬೆನ್ನಿನ ಮೇಲೆ ಒತ್ತಿದರೆ ಅದು ಮಡಚಿಕೊಳ್ಳುತ್ತದೆ ಎಂಬುದು ಮಾತ್ರ ಜ್ಞಾಪಕದಲ್ಲಿರಲಿಲ್ಲ. 'ಟಕ್' ಎಂದಿತು. ಒಳಗೆ ನನ್ನ ಹೆಬ್ಬೆರಳಿತ್ತು. ರಕ್ತ ನೋಡಿ ಮೊದಲು ಹೊಳೆದದ್ದು ಇದು: ಪರವಾಗಿಲ್ಲ, ಸಾಣೆ ಚೆನ್ನಾಗಿಯೇ ಹಿಡಿದಿದೆ!

ತಲೆಯೆತ್ತಿದರೆ ಅವರು ಬಾಗಿಲಲ್ಲಿ ನಿಂತಿದ್ದರು. ಅಂದು ಬೀದಿಯ ಕೊನೆಯಿಂದಲೇ ತಿರುಗಿ ಬಂದಿದ್ದರು.

"ಏನಾಯ್ತು?"

"ತರಕಾರಿ ಹೆಚ್ಚುತ್ತಿದ್ದೆ."

ಅವರು ಅಕ್ಕಪಕ್ಕ ನೋಡಿದರು. "ತರಕಾರಿ ಎಲ್ಲಿ?"

ಅವರು ಹತ್ತಿ, ಬಟ್ಟೆ, ಔಷಧಿ ತಂದು ನನ್ನೆದುರು ಕೂತರು. ನಡುಗುವ ಕೈಗಳು ನನ್ನ ಬೆರಳು ಹುಡುಕುತ್ತ ಎಲ್ಲೆಲ್ಲೋ ಹೋದವು. ಔಷಧಿ ಹೆಚ್ಚಾಗಿ ನನ್ನ ಸೀರೆಗೆ ಬಿತ್ತು. ಹೆಬ್ಬೆರಳಿಗೆ ರುಮಾಲು ಸುತ್ತಿದಂಥ ಕಟ್ಟು ಬಿತ್ತು. ಅಂಟುಪಟ್ಟಿ ಕತ್ತರಿಸಲು ಜೇಬಿನ ಚಾಕು ತೆಗೆದರು. ಅಲಗಿನ ಗೀರು ಉಗುರಿಗೆ ಸಿಗಲಿಲ್ಲ. ಮತ್ತೆ ಜಾರಿತು. ನಾನು ಕೈ ಚಾಚಲಿಲ್ಲ. ಕೊನೆಗೆ ಸಿಕ್ಕಿತು. ಅಲಗು ತಾಕಿದ್ದೇ ತಡ, ಪಟ್ಟಿ ಸದ್ದಿಲ್ಲದೆ ತುಂಡಾಯಿತು.

"ಮೊದಲನೇ ದಿನವೇ ಗೊತ್ತಾಯ್ತು ಕಣೇ" ಎಂದರು. "ಕಲ್ಲಿಗೆ ಉಜ್ಜಿದ ಅಂಚು ನನಗೆ ತಿಳಿಯಲ್ವಾ? ಮೆಟ್ಟಿಲ ಮೇಲೆ ಬಿಳಿ ಗೆರೆ ಬೇರೆ."

"ಗೊತ್ತಿದ್ದೂ ಕೈಗೆ ಮರೆತುಹೋಗಿದೆ ಅಂದ್ರಲ್ಲ!"

"ನೀನು ಅಷ್ಟು ಕಷ್ಟಪಟ್ಟು ಮಾಡಿದ್ದೆ. ನಿನ್ನ ಗುಟ್ಟು ಒಡೆಯೋಕೆ ಮನಸ್ಸಾಗಲಿಲ್ಲ."

"ಮತ್ತೆ ಆ ಕುರ್ಚಿಯಲ್ಲಿ ಕೂತದ್ದು? ಅದೂ ನಾಟಕವೇ?"

ಅವರು ಮಂಡಿಯ ಮೇಲೆ ಕೈಯೂರಿ ಒಂದು ಮೆಟ್ಟಿಲು ಕೆಳಗೆ ಇಳಿದು ಕೂತರು. ಕಲ್ಲಿನ ಮೇಲಿನ ಬಿಳಿ ಗೆರೆಗಳನ್ನು ಬೆರಳಿನಿಂದ ಸವರಿ ಜಾಗ ಹುಡುಕಿದರು. ಕೊಂಬಿನ ಹಿಡಿಯ ತಗ್ಗಿನಲ್ಲಿ ಹೆಬ್ಬೆರಳು ಕೂತಿತು. ಮದುವೆಯ ದಿನದ ಆ ಚಾಕುವಿನ ಅಂಚನ್ನು ನೆಟ್ಟಗೆ ಕಲ್ಲಿಗಿಟ್ಟು ಎಳೆದರು.

"ರೀ! ಏನ್ಮಾಡ್ತಿದ್ದೀರಿ!"

"ಇದೊಂದು ನಿನಗೆ ಸಿಕ್ಕಿರಲಿಲ್ಲ."

ಮತ್ತೆ ಎಳೆದರು. ಪಕ್ಕದ ಮನೆಯ ಹೊಲಿಗೆ ಯಂತ್ರ ನಿಂತಿತು. ಕಿಟಕಿಯಲ್ಲಿ ಟೈಲರಮ್ಮನ ತಲೆ ಕಂಡಿತು.

"ಅಯ್ಯೋ ಡಾಕ್ಟ್ರೇ, ನೀವೂ ಶುರು ಮಾಡಿದ್ರಾ?"

"ಇಲ್ಲಮ್ಮ" ಎಂದರು ಅವರು, ತಲೆಯೆತ್ತದೆ. "ಮುಗಿಸ್ತಾ ಇದ್ದೀನಿ."

ಅಂಚನ್ನು ತಮ್ಮ ಅಂಗೈ ಮೇಲೆ ಎಳೆದು ನೋಡಿದರು. ಗೆರೆ ಕೂಡ ಮೂಡಲಿಲ್ಲ. ಚಾಕು ಮಡಚಿ, ಬಲಜೇಬಿಗೆ ಹಾಕಿಕೊಂಡು, ಇದೆಯೇ ಎಂದು ದಿನವೂ ನೋಡಿಕೊಳ್ಳುವ ಹಾಗೆ ಮೇಲಿನಿಂದ ಒಮ್ಮೆ ತಟ್ಟಿಕೊಂಡರು.