ಸೀರೆ ಕಟ್ಟಿ ಮಣ್ಣು ಹಿಡಿದದ್ದು

ಮಳೆ ಬಂದರೆ ಮಣ್ಣು ಓಡಿಹೋಗುತ್ತದೆ, ಅದನ್ನು ತಡೆಯಬೇಕು. ಇಷ್ಟು ಸಿಂಪಲ್ ವಿಷಯಕ್ಕೆ ಗಂಡಸರು ಯಾಕೆ ತಲೆ ಕೆಡಿಸಿಕೊಳ್ಳುತ್ತಾರೋ! ಕಾನ್ವೆಂಟಿನಲ್ಲಿ ಜಾಗ್ರಫಿ ಸಿಸ್ಟರ್ ಹೇಳುತ್ತಿದ್ದರು, “ಗರ್ಲ್ಸ್, ಟಾಪ್‌ಸಾಯಿಲ್ ಈಸ್ ಟ್ರೆಷರ್.”

ಚಿಮ್ಮಡದ ನಮ್ಮ ಇಳಿಜಾರು ಹೊಲದ ಕೆಳ ಅಂಚಿಗೆ ಅರಿಷಿಣ ನೆಟ್ಟಿದ್ದೆ. ಈ ವರ್ಷ ಮನೆಗೆಲ್ಲ ನನ್ನ ಕೈಯ ಅರಿಷಿಣವೇ ಎಂದು ರಬಕವಿಯ ನಾದಿನಿಗೆ ಫೋನಿನಲ್ಲಿ ಅನೌನ್ಸ್ ಮಾಡಿಯೂ ಆಗಿತ್ತು.

“ಮಳಿ ಹೊಯ್ದ್ರ ಎಲ್ಲಾ ಕೆಳಗ ಗಂಗವ್ವನ ಹೊಲಕ್ಕ ಹೋಗ್ತೈತಿ. ಕಲ್ಲಿನ ಒಡ್ಡು ಹಾಕಸೋಣು,” ಎಂದರು ಯಜಮಾನರು.

“ಓಲ್ಡ್ ಫ್ಯಾಷನ್!” ಎಂದೆ. ಫಾರಿನ್ನಿನವರು ಇಳಿಜಾರಿಗೆ ಅಡ್ಡ ಬಟ್ಟೆಯ ಬೇಲಿ ಕಟ್ಟುವುದನ್ನು ಮೊಬೈಲಿನಲ್ಲಿ ನೋಡಿದ್ದೆ. ನೀರು ಸೋಸಿ ಹೋಗುತ್ತದೆ, ಮಣ್ಣು ನಿಲ್ಲುತ್ತದೆ. ಬಟ್ಟೆಗೆ ನಮ್ಮಲ್ಲೇನು ಬರವೇ? ಟ್ರಂಕಿನಿಂದ ರಬಕವಿ ಸೀರೆಗಳನ್ನು ತೆಗೆದೆ. ತೆಳ್ಳನೆಯವು ಹರಿದಾವೆಂದು ಗಟ್ಟಿ ನೇಯ್ಗೆಯವನ್ನೇ ಆರಿಸಿದೆ. ಸಾಲದ್ದಕ್ಕೆ ಎರಡು ಮಡಿಕೆ ಮಾಡಿದೆ! ಗೂಟಕ್ಕೆ ತೊಗರಿ ಕಟ್ಟಿಗೆ.

ಗಂಗವ್ವ ಕೆಳಗಿನಿಂದ ಕೂಗಿದಳು, “ಅಕ್ಕಾರ, ಸೀರಿ ಸೇಲ್ ಹಚ್ಚೀರೇನ್ರಿ?”

“ಇದು ಸೈನ್ಸ್, ಗಂಗವ್ವಾ!”

“ಆ ಹಸರ ಸೈನ್ಸ್ ಛಲೋ ಐತ್ರಿ. ಎಷ್ಟಕ್ಕ ಕೊಡ್ತೀರಿ?”

ಮರುದಿನವೇ ಮಳೆ. ಕೊಡೆ ಹಿಡಿದು ಓಡಿದೆ. ಆಹಾ! ಸೀರೆಯ ಹಿಂದೆ ರಾಡಿ ನೀರು ಕೆರೆಯಂತೆ ನಿಂತಿತ್ತು.

“ನೋಡ್ರಿ, ಒಂದು ಚಮಚ ಮಣ್ಣೂ ಹೋಗಿಲ್ಲ!”

“ನೀರೂ ಹೊಂಟಿಲ್ಲ. ಬಸರಿ ಹೊಟ್ಟಿ ಆಗೈತಿ ನೋಡ ನಿನ್ನ ಸೀರಿ!” ಎಂದರು ಯಜಮಾನರು.

ರಬಕವಿಯ ನೇಯ್ಗೆ ಎಂದರೆ ನೇಯ್ಗೆ. ಒಂದು ಎಳೆ ಜಗ್ಗಲಿಲ್ಲ. ಜಗ್ಗಿದ್ದು ಗೂಟ! ಸೀರೆ, ಗೂಟ, ನೀರು, ನೆನೆದು ಸಡಿಲಾಗಿದ್ದ ಮಣ್ಣು, ಅದರೊಳಗಿನ ಅರಿಷಿಣದ ಬೀಜ, ಸಕಲ ಪರಿವಾರ ಸಮೇತ ಗಂಗವ್ವನ ಹೊಲಕ್ಕೆ ಚಿತ್ತೈಸಿದವು. ಸ್ವಲ್ಪ ಸ್ವಲ್ಪವೇ ಹೋಗುತ್ತಿದ್ದ ಮಣ್ಣು ನನ್ನ ಸೈನ್ಸಿನಿಂದ ಒಂದೇ ಟ್ರಿಪ್ಪಿಗೆ ಹೋಯಿತು!

ಯಜಮಾನರು ನಗಲಿಲ್ಲ. ನಕ್ಕಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು.

ಗಂಗವ್ವ ಸೀರೆಗಳನ್ನು ಒಗೆದು, ಮಡಚಿ ತಂದುಕೊಟ್ಟಳು. “ಮಣ್ಣು ಹೊತ್ತು ತರಾಕ ಆಗೂದಿಲ್ರಿ,” ಎಂದಳು.

ಬೇಸಿಗೆಯಲ್ಲಿ ಅವಳ ಮನೆಗೆ ಹೋದಾಗ ಅರಿಷಿಣ ಕುಂಕುಮದ ಬಟ್ಟಲು ಮುಂದೆ ಹಿಡಿದಳು.

“ನಮ್ಮ ಹೊಲದ್ದs ಅರಿಷಿಣರಿ ಅಕ್ಕಾರ. ನಾ ಏನ ಹಚ್ಚಿದ್ದಲ್ಲ, ತಾನs ನಡಕೊಂಡ ಬಂದೈತಿ!”

ಮುತ್ತೈದೆ ಅರಿಷಿಣ ಬೇಡವೆನ್ನುವಂತಿಲ್ಲ. ಕೆನ್ನೆಗೆ ಹಚ್ಚಿಕೊಂಡು ಮನೆಗೆ ಬಂದೆ. ಬಣ್ಣ ಮಾತ್ರ ಫಸ್ಟ್ ಕ್ಲಾಸ್!