ನನ್ನ ಹೊಟ್ಟೆಯೂ ಮಾವನವರ ಗೊಬ್ಬರದಂಗಡಿಯೂ

ಅಜ್ಜಂಪುರದಲ್ಲಿ ನನ್ನ ಹೊಟ್ಟೆಯ ಸಮಾಚಾರ ಗೊತ್ತಿಲ್ಲದವರು ಯಾರಾದರೂ ಇದ್ದರೆ ಅವರು ನಿನ್ನೆ ಮೊನ್ನೆ ವರ್ಗವಾಗಿ ಬಂದವರಿರಬೇಕು. ಇಲ್ಲವೇ ನಮ್ಮ ಮಾವನವರ ಅಂಗಡಿಯಲ್ಲಿ ಒಂದು ಚೀಲ ಗೊಬ್ಬರವನ್ನೂ ಕೊಳ್ಳದವರಿರಬೇಕು! ನಾನು ದಿನಕ್ಕೆ ಎಷ್ಟು ಸಲ ಕಕ್ಕಸಿಗೆ ಹೋಗುತ್ತೇನೆ, ಯಾವ ಪಲ್ಯ ನನಗೆ ಒಗ್ಗುವುದಿಲ್ಲ, ಮಜ್ಜಿಗೆ ಕುಡಿದರೆ ಏನಾಗುತ್ತದೆ, ಇವೆಲ್ಲ ಅಲ್ಲಿ ಯೂರಿಯಾ ಚೀಲದ ಜೊತೆ ಪುಕ್ಕಟೆಯಾಗಿ ಸಿಗುತ್ತವೆ. ಸೊಸೆಯ ಅಡುಗೆಯನ್ನು ಊರಲ್ಲಿ ಆಡಿಕೊಳ್ಳುವ ಮಾವಂದಿರನ್ನು ನೀವು ಕಂಡಿರಬಹುದು. ಸೊಸೆಯ ಕರುಳನ್ನೇ ಅಂಗಡಿಕಟ್ಟೆಯ ಮೇಲೆ ಹರವಿ ಕೂರುವ ಮಾವ ಸಿಕ್ಕಿದ್ದು ನನಗೊಬ್ಬಳಿಗೇ ಇರಬೇಕು.

ಮೊದಲು ಹೆದರಿಕೆಯ ಭಾಗವನ್ನು ಹೇಳಿ ಮುಗಿಸುತ್ತೇನೆ. ಮುಗಿಯುತ್ತದೆ ಎಂಬ ನಂಬಿಕೆಯೇನೂ ಇಲ್ಲ. ನಾನು ತರೀಕೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ರಕ್ತ ಕಂಡಿತು. ಮೂಲವ್ಯಾಧಿ ಇರಬಹುದೆಂದು ಒಂದು ತಿಂಗಳು ಯಾರಿಗೂ ಹೇಳಲಿಲ್ಲ. ಆಮೇಲೆ, ಯಾರೂ ಬಾಯಿಬಿಟ್ಟು ಹೆಸರು ಹೇಳದ ಆ ಇನ್ನೊಂದು ಕಾಯಿಲೆಯೇ ಇರಬಹುದೆಂದು ಮತ್ತೊಂದು ತಿಂಗಳು ಹೇಳಲಿಲ್ಲ! ಬಸ್ಸಿನಲ್ಲಿ ಎಲ್ಲರೂ ಕಿಟಕಿಯ ಸೀಟು ಹುಡುಕಿದರೆ ನಾನು ಬಾಗಿಲ ಪಕ್ಕದ ಸೀಟು ಹುಡುಕುತ್ತಿದ್ದೆ. ದಾರಿಯಲ್ಲಿ ಎಲ್ಲಿ ಇಳಿದರೆ ಯಾರ ಮನೆ ಹತ್ತಿರ, ಆ ಮನೆಯವರು ಒಳಗೆ ಬಿಟ್ಟುಕೊಳ್ಳುವ ಜನವೋ ಅಲ್ಲವೋ ಎಂಬುದು ಕಂಡಕ್ಟರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಶಿವಮೊಗ್ಗದ ಡಾಕ್ಟರು ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡಿ, ದೊಡ್ಡ ಕರುಳಿನ ಒಳಗೋಡೆ ಊದಿ ಹುಣ್ಣಾಗಿದೆ ಎಂದರು. ನೀವು ಹೆದರಿದ್ದ ಕಾಯಿಲೆ ಅಲ್ಲ, ಆದರೆ ಇದು ಪೂರ್ತಿ ಬಿಟ್ಟುಹೋಗುವುದೂ ಅಲ್ಲ. ಮಾತ್ರೆಯಲ್ಲಿ ಹತೋಟಿಗೆ ಬರುತ್ತದೆ, ಯಾವಾಗ ಬೇಕಾದರೂ ಕೆರಳಬಹುದು ಎಂದರು. ಉಳಿದದ್ದೆಲ್ಲ ಮರೆತುಹೋಯಿತು. 'ಯಾವಾಗ ಬೇಕಾದರೂ' ಎಂಬುದು ಮಾತ್ರ ಮರೆಯಲಿಲ್ಲ.

ಜೊತೆಗೆ ಬಂದಿದ್ದವರು ಮಾವನವರು. ನನ್ನ ಗಂಡನಿಗೆ ರಕ್ತ ಎಂಬ ಮಾತು ಕಿವಿಗೆ ಬಿದ್ದರೂ ತಲೆ ಸುತ್ತುತ್ತದೆ. ಮಾವನವರು ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು ಕೊನೆಗೆ ಒಂದು ಪ್ರಶ್ನೆ ಹಾಕಿದರು.

"ಸಾರ್, ಗೊಬ್ಬರ ಏನ್ ಕೊಡಾದು?"

ಡಾಕ್ಟರು ನನ್ನ ಮುಖ ನೋಡಿದರು. "ಊಟದ ವಿಷಯ ಕೇಳ್ತಿದಾರೆ ಡಾಕ್ಟ್ರೇ," ಎಂದೆ.

"ಮಾತ್ರೆ ಒಂದು ದಿನವೂ ತಪ್ಪಿಸಬಾರದು. ಕೆರಳಿದಾಗ ನಾರು, ಖಾರ ಕಡಿಮೆ ಮಾಡಿ. ಉಳಿದ ದಿನ ಯಾವುದು ಒಗ್ಗುತ್ತೋ ಅದು. ಬೇರೆ ಏನು ತಗೊಳ್ಳೋದಾದರೂ ನನ್ನನ್ನ ಕೇಳಿ ತಗೊಳ್ಳಿ."

"ತಿಳೀತು ಬಿಡಿ. ಮಾತ್ರೆ ಅಂದ್ರೆ ಬಿತ್ತನೇಲಿ ಹಾಕೋ ಮೂಲಗೊಬ್ಬರ. ಅದನ್ನ ತಪ್ಪಿಸಂಗಿಲ್ಲ. ಮೇಲುಗೊಬ್ಬರ ನಂಗ್ ಬಿಡಿ."

ಡಾಕ್ಟರು ಅರ್ಥವಾಗದೆಯೇ ತಲೆಯಾಡಿಸಿದರು. ಅಲ್ಲಿಗೆ ಮಾವನವರಿಗೆ ಲೈಸೆನ್ಸು ಸಿಕ್ಕಂತಾಯಿತು.

ಅವರ ಅಂಗಡಿಯ ಕ್ರಮವನ್ನು ಇಲ್ಲಿ ಹೇಳಬೇಕು. ರೈತರು ರೋಗ ಬಂದ ಈರುಳ್ಳಿ ಗರಿಯನ್ನೋ ಎಲೆಯನ್ನೋ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬರುತ್ತಾರೆ. ಮಾವನವರು ಅದನ್ನು ಬೆಳಕಿಗೆ ಹಿಡಿದು "ಜಿಂಕ್ ಕಮ್ಮಿ" ಎಂದೋ "ಬೋರಾನ್ ಕಮ್ಮಿ" ಎಂದೋ ತೀರ್ಪು ಕೊಡುತ್ತಾರೆ. ಆದರೆ ಕಂಪನಿಯವರು ಎಷ್ಟೇ ಹೊಗಳಿದರೂ ಹೊಸ ಔಷಧಿಯನ್ನು ಸುಮ್ಮನೆ ಮಾರುವವರಲ್ಲ. ಊರಾಚೆ ಅವರದೇ ನಾಲ್ಕು ಗುಂಟೆ ಇದೆ. ಮೊದಲು ಅಲ್ಲಿ ಹೊಡೆದು ಹದಿನೈದು ದಿನ ಕಾದು ಆಮೇಲೆ ಗಿರಾಕಿಯ ಕೈಗೆ ಕೊಡುತ್ತಾರೆ. ಅದಕ್ಕೆ ಡೆಮೊ ಪ್ಲಾಟು ಎಂದು ಹೆಸರು. ಈಗ ನನ್ನ ಕರುಳಿಗೂ ಒಂದು ಡೆಮೊ ಪ್ಲಾಟು ಬೇಕಾಯಿತಲ್ಲ? ಅವರ ಸ್ವಂತ ಹೊಟ್ಟೆ!

"ಮೊದ್ಲು ನಾನು ಹದಿನೈದ್ ದಿವ್ಸ ತಿಂತೀನಿ. ಏನೂ ಆಗ್ಲಿಲ್ಲಾಂದ್ರೆ ಡಾಕ್ಟ್ರಿಗೆ ಫೋನು. ಅವ್ರು ಹ್ಞೂಂ ಅಂದ್ರೆ ನಿಂಗೆ. ತಿಳೀತೇನವ್ವ?"

ಅವರದು ಕಲ್ಲು ನುಂಗಿ ನೀರು ಕುಡಿಯುವ ಹೊಟ್ಟೆ. ಅರವತ್ತೆಂಟು ವರ್ಷದಲ್ಲಿ ಒಂದು ದಿನ ಅಜೀರ್ಣ ಎಂದವರಲ್ಲ. ಬಂಡೆಗೆ ಔಷಧಿ ಹೊಡೆದು, ಬಂಡೆಗೆ ಏನೂ ಆಗಲಿಲ್ಲ, ಹೂವಿನ ಗಿಡಕ್ಕೂ ಹೊಡೆಯಬಹುದು ಅಂದರೆ ಹೇಗೆ? ಈ ಮಾತನ್ನು ಅವರ ಮುಂದೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗಿತ್ತು?

ಮೊದಲ ಪೆಟ್ಟು ಬಿದ್ದದ್ದು ರಾಗಿಮುದ್ದೆಗೆ. ನಾರಿನ ಮಾತು ಕೇಳಿದ್ದೇ ಮನೆಯಲ್ಲಿ ಮುದ್ದೆ ನಿಂತು ಗಂಜಿ ಶುರುವಾಯಿತು. ನನಗೆ ಮಾತ್ರವಲ್ಲ, ಎಲ್ಲರಿಗೂ. ಹನ್ನೆರಡನೇ ದಿನ ಅತ್ತೆ ತಿರುಗಿಬಿದ್ದರು. "ಕಾಯ್ಲೆ ಅವಳ್ಗಾ, ಮನೇಗಾ? ನಾಳೆ ಮುದ್ದೆ ತಿರುವ್ತೀನಿ. ಬೇಕಾದ್ರೆ ನೀವು ಅಂಗ್ಡೀಲಿ ಯೂರಿಯಾ ಕಲಸ್ಕೊಂಡ್ ತಿನ್ನಿ!"

ಆಮೇಲೆ ಬಂದದ್ದು ಒಳ್ಳೆಯ ಜೀವಾಣುಗಳಿರುವ ಕ್ಯಾಪ್ಸೂಲು. ಅಂಗಡಿಯಲ್ಲಿ ಜೀವಾಣು ಗೊಬ್ಬರ ಮಾರುವವರಿಗೆ ಇದೇನು ಹೊಸದೇ? "ಶೇಂಗಾ ಬೀಜಕ್ಕೆ ಹಚ್ಚಲ್ವೇ, ಅದೇ ಇದು," ಎಂದು ನುಂಗಿದರು. ಬಿಸಿಲು ತಾಗಿದರೆ ಸತ್ತುಹೋಗುತ್ತವೆ ಎಂದು ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎದೆಗವುಚಿಕೊಂಡು ತಂದಿದ್ದರು. ಹಸುಗೂಸನ್ನು ಹಾಗೆ ತಂದವರನ್ನು ನಾನು ನೋಡಿಲ್ಲ!

ಮೂರನೆಯದು ಕಬ್ಬಿಣದ ಮಾತ್ರೆ. ನನಗೆ ರಕ್ತ ಕಡಿಮೆಯಾಗಿದೆಯೆಂದು ಡಾಕ್ಟರೇ ಬರೆದುಕೊಟ್ಟದ್ದು. ಆದರೂ ಪ್ಲಾಟಿನಲ್ಲಿ ನೋಡದೆ ಕೊಡುವುದುಂಟೇ? ನಾಲ್ಕನೇ ದಿನ ಬೆಳಿಗ್ಗೆ ಮಾವನವರು ಕಕ್ಕಸಿನಿಂದ ಹೊರಬಂದು ಗೋಡೆ ಹಿಡಿದು ಕೂತರು. ಮುಖ ಬಿಳಿಚಿಕೊಂಡಿತ್ತು.

"ಕರ್ರಗೆ ಹೋಯ್ತು ಕಣೇ. ಡಾಂಬರು ಡಾಂಬರು. ನನ್ ಕತೆ ಮುಗೀತು," ಎಂದು ಅತ್ತೆಯನ್ನು ಕರೆದು ವಿಭೂತಿ ತರಿಸಿ ಹಣೆತುಂಬ ಬಳಿದುಕೊಂಡರು. ಕಡೂರಿನ ತಮ್ಮನಿಗೆ ಫೋನು ಹೋಯಿತು. ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರೆ ಅಲ್ಲಿನ ಡಾಕ್ಟರು ನಗುತ್ತಾ, "ಕಬ್ಬಿಣದ ಮಾತ್ರೆ ತಗೊಂಡ್ರೆ ಹಾಗೇ ಹೋಗೋದು ಯಜಮಾನ್ರೇ," ಎಂದರು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನನ್ನದಂತೂ ಮೊದಲೇ ಹುಣ್ಣು. ಆದರೆ ಆ ದಿನ ನನ್ನ ಕೈಗೆ ಮಾತ್ರೆ ಕೊಡುವಾಗ ಅವರು, "ಕರ್ರಗೆ ಹೋದ್ರೆ ಹೆದ್ರಬೇಡ ಕಣವ್ವ. ನೋಡಿದೀನಿ ನಾನು," ಎಂದರು. ಅಷ್ಟು ದಿನದ ಪ್ರಯೋಗದಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಕಡೂರಿನ ಮದುವೆಯ ಕತೆ ಬೇರೆ. ಪಂಕ್ತಿಯಲ್ಲಿ ಕೂತವಳ ಬೆನ್ನ ಹಿಂದೆ ಮಾವನವರು ಬಂದು ನಿಂತರು. ಬಡಿಸುವವನು ಉಪ್ಪಿನಕಾಯಿಯ ಸೌಟು ಎತ್ತಿದ್ದೇ ತಡ, "ಏಯ್, ಅಲ್ಲಿಗ್ ಹಾಕ್ಬೇಡ! ಆ ಹುಡುಗಿ ಕರುಳು ಹುಣ್ಣಾಗೈತೆ!" ಎಂದು ಕೂಗಿದರು. ಛತ್ರಕ್ಕೆ ಛತ್ರವೇ ತಿರುಗಿ ನೋಡಿತು. ಪಕ್ಕದಲ್ಲಿದ್ದ ಬಳಗದ ಹೆಂಗಸೊಬ್ಬರು ತಮ್ಮ ಎಲೆಯನ್ನು ಒಂದು ಗೇಣು ಆಚೆ ಸರಿಸಿಕೊಂಡರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮಾವನವರು ಅದನ್ನೂ ಕಂಡರು.

"ಅಂಟುಜಾಡ್ಯ ಅಲ್ಲ ಕಣಕ್ಕಾ. ನಿನ್ ಬಾಯಿಂದ ಹೊಂಟ ಸುದ್ದಿ ಹರಡ್ದಂಗೆ ಇದು ಹರಡಲ್ಲ. ಎಲೆ ಈ ಕಡೆ ತಗಾ."

ಆ ಹೆಂಗಸು ಎಲೆಯನ್ನು ಮೊದಲಿದ್ದ ಜಾಗಕ್ಕಿಂತ ಎರಡು ಬೆರಳು ಹತ್ತಿರವೇ ಎಳೆದುಕೊಂಡರು.

ದಿನ ಬೆಳಗಾದರೆ ಕಕ್ಕಸಿನ ಬಾಗಿಲಾಚೆ ಅವರ ದನಿ. "ಎಷ್ಟ್ ಸಲ ಆಯ್ತವ್ವ? ಕೆಂಪೈತಾ?" ಹಾಲು ಹಾಕುವವಳು ಉತ್ತರ ಕೇಳಿಕೊಂಡೇ ಮುಂದಿನ ಮನೆಗೆ ಹೋಗುತ್ತಿದ್ದಳು! ಹೀಗೇ ದಿನಕ್ಕೆ ಎಂಟು ಸಲ ಇದ್ದದ್ದು ಐದಾಯಿತು, ಐದು ಎರಡಾಯಿತು, ರಕ್ತ ನಿಂತಿತು. ಆ ಹೊತ್ತಿಗೆ ಅರಿಶಿನದ ಕ್ಯಾಪ್ಸೂಲು ಪ್ಲಾಟಿನಲ್ಲಿ ಪಾಸಾಗಿ, ಡಾಕ್ಟರೂ ಮಾತ್ರೆಯ ಜೊತೆಗೆ ತೆಗೆದುಕೊಳ್ಳಲಿ ಎಂದಿದ್ದರಿಂದ, ಕೀರ್ತಿಯೆಲ್ಲ ಅರಿಶಿನಕ್ಕೆ ಹೋಯಿತು. ನಾಲ್ಕು ತಿಂಗಳು ನಾನು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಒಂದು ಹೋಳಿಗೆಯನ್ನೂ ತಿಂದೆ.

ಆಗ ನಾನೊಂದು ಕೆಲಸ ಮಾಡಿದೆ. ಡಾಕ್ಟರ ಮಾತ್ರೆ ನಿಲ್ಲಿಸಿದೆ. ಯಾರೂ ಹೇಳಿರಲಿಲ್ಲ. ಮಾತ್ರೆ ನುಂಗಿದಾಗಲೆಲ್ಲ ನಾನು ರೋಗಿ ಎಂದು ನೆನಪಾಗುತ್ತಿತ್ತು, ನುಂಗದಿದ್ದರೆ ನೆನಪಾಗುವುದಿಲ್ಲವಲ್ಲ! ಮಕ್ಕಳಿಗೆ ತರ್ಕ ಕಲಿಸುವ ಗಣಿತದ ಟೀಚರಿನ ತರ್ಕ ಇದು.

ಆರನೇ ವಾರ ಕೆಂಪು ಕಂಡಿತು. ನಿನ್ನೆ ಬೀಟ್ರೂಟ್ ತಿಂದಿದ್ದೆನೇ ಎಂದು ಯೋಚಿಸಿದೆ. ತಿಂದಿರಲಿಲ್ಲ. ಅಲ್ಲೇ ಕೂತಿದ್ದೆ. ಬಾಗಿಲಾಚೆ ದನಿ ಬಂತು.

"ಎಷ್ಟ್ ಸಲ ಆಯ್ತವ್ವ?"

"ಒಂದೇ ಸಲ, ಮಾವ."

"ಕೆಂಪು?"

"ಇಲ್ಲ."

ಮಾರನೇ ದಿನವೂ ಅದನ್ನೇ ಹೇಳಿದೆ. ಒಂದು ಸುಳ್ಳು ಹೇಳಿದರೆ ಸಾಕು, ಮುಂದಿನವು ತಾವಾಗಿಯೇ ಬರುತ್ತವೆ. ಹೇಳಿದರೆ ಮತ್ತೆ ಶಿವಮೊಗ್ಗ, ಮತ್ತೆ ಆ ಕೊಳವೆ. ಈ ಸಲ ಡಾಕ್ಟರು ಕರುಳು ಕತ್ತರಿಸಬೇಕು ಅಂದರೆ? ಹೇಳದಿದ್ದರೆ ದಿನಕ್ಕೆ ಮೂರು ಸಲ, ಆರು ಸಲ ರಕ್ತ. ಎರಡಕ್ಕೂ ಹೆದರಿ ಮೂರು ವಾರ ಕಳೆದೆ. ಸೀರೆ ಸಡಿಲವಾಗುತ್ತಿತ್ತು, ಇನ್ನೊಂದು ನೆರಿಗೆ ಹೆಚ್ಚು ಹಿಡಿದು ಉಡುತ್ತಿದ್ದೆ. ಅಂಗಡಿಯಲ್ಲಿ ಮಾವನವರು, "ನಮ್ ಹುಡುಗಿ ಗುಂಡುಕಲ್ಲಾಗವ್ಳೆ," ಎಂದು ಬಂದವರಿಗೆಲ್ಲ ಸಾರುತ್ತಲೇ ಇದ್ದರು.

ಒಂದು ಭಾನುವಾರ ಹಿರೇನಲ್ಲೂರಿನ ಕಡೆಯ ರೈತರೊಬ್ಬರನ್ನು ಮನೆಗೇ ಕರೆತಂದರು. ಅವರ ಮಗಳು ಪಿಯುಸಿ ಓದುತ್ತಾಳಂತೆ. ಅವಳಿಗೂ ಇದೇ ಕಾಯಿಲೆಯಂತೆ. ಬೆಳೆ ನೋಡಲು ಬಂದವರ ಹಾಗೆ ಅವರು ನನ್ನನ್ನು ನೋಡಿದರು. ಬೆಳಗಿನಿಂದ ಆರು ಸಲ ಹೋಗಿ ಬಂದಿದ್ದ ನಾನು ಕಾಫಿಯ ಲೋಟ ಹಿಡಿದು ನಿಂತಿದ್ದೆ.

"ನಮ್ ಹುಡುಗಿ ದಿನಾ ಅಳ್ತಾಳೆ ಮೇಡಮ್ಮೋರೆ, ಮಾತ್ರೆ ಸಾಕು ಅಂತಾಳೆ. ಮಾತ್ರೆ ಬಿಡ್ಸಿ, ಬರೀ ಈ ಅರಿಶಿನದ್ದೇ ಕೊಡ್ಲಾ?"

"ಛೆ ಛೆ, ಮೂಲಗೊಬ್ಬರ ಬಿಡಂಗಿಲ್ಲ," ಎಂದರು ಮಾವನವರು. "ನಮ್ಮವ್ಳು ಒಂದ್ ದಿವ್ಸಾನೂ ಬಿಟ್ಟಿಲ್ಲ. ಬೇಕಾದ್ರೆ ಕೇಳ್ನೋಡಿ."

ಆ ತಂದೆ ಕೇಳಿಯೇಬಿಟ್ಟರು. "ಬಿಟ್ರೆ ಏನಾಗ್ತೈತೆ ಮೇಡಮ್ಮೋರೆ?"

ನನ್ನ ಹೊಟ್ಟೆಯ ವಿಷಯದಲ್ಲಿ ನಾನು ಎಷ್ಟು ಸುಳ್ಳು ಬೇಕಾದರೂ ಹೇಳಬಹುದು. ಆ ಹುಡುಗಿಯ ಹೊಟ್ಟೆಯ ವಿಷಯದಲ್ಲಿ ಹೇಗೆ ಹೇಳಲಿ? "ನಾನು ಬಿಟ್ಟೆ," ಎಂದೆ. "ಮೂರು ವಾರದಿಂದ ರಕ್ತ ಹೋಗ್ತಿದೆ. ಬಿಡಿಸಬೇಡಿ."

ಮಾವನವರು ಎದ್ದರು. ರೈತರನ್ನು ಬಾಗಿಲವರೆಗೆ ಕಳಿಸಿ, ಕಾರಿಗೆ ಹೇಳಿಕಳಿಸಿ, ಶರ್ಟು ಹಾಕಿಕೊಂಡು ಡಬ್ಬಿಗಳ ಚೀಲ ಹಿಡಿದು ಬಂದರು. ಶಿವಮೊಗ್ಗ ಮುಟ್ಟುವವರೆಗೂ ಮಾತಿಲ್ಲ. ಅಜ್ಜಂಪುರದ ಸಂತೆಯೇ ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಡಾಕ್ಟರು ನನ್ನನ್ನು ಚೆನ್ನಾಗಿ ಬೈದರು. ಅಡ್ಮಿಟ್ ಆಗಬೇಕು, ಈಗಲೇ ಮತ್ತೆ ಕೊಳವೆ ಹಾಕಿ ನೋಡಬೇಕು ಎಂದರು. "ಮನೆಯಲ್ಲಿ ಏನೇನು ಕೊಡುತ್ತಿದ್ದೀರಿ, ಎಲ್ಲ ತೋರಿಸಿ," ಎಂದಾಗ ಮಾವನವರು ಚೀಲ ಬಗ್ಗಿಸಿದರು. ಡಬ್ಬಿಗಳ ನಡುವಿನಿಂದ ಡಾಕ್ಟರು ಒಂದನ್ನು ಎತ್ತಿಕೊಂಡರು.

"ಇದನ್ನು ನೀವು ನನ್ನ ಕೇಳಿಲ್ಲವಲ್ಲ. ಮೀನೆಣ್ಣೆ ಇದು. ಇವರಿಗೆ ಕೊಟ್ಟಿರಾ?"

ನನಗೆ ಬೈಗುಳವೂ ಮರೆತುಹೋಯಿತು. ಬೆಳಿಗ್ಗೆ ಲಿಂಗಪೂಜೆಯಾಗದೆ ತೊಟ್ಟು ನೀರು ಮುಟ್ಟದವರು, ಆಮ್ಲೆಟ್ ವಾಸನೆ ಬಂದ ಹೋಟೆಲಿನಲ್ಲಿ ಚಹಾ ಕೂಡ ಕುಡಿಯದೆ ಎದ್ದುಬರುವವರು ನಮ್ಮ ಮಾವನವರು.

"ಇಲ್ಲ ಸಾರ್. ಅದಿನ್ನೂ ಪ್ಲಾಟ್ನಲ್ಲೈತೆ. ನಾನ್ ತಗಂತಿದೀನಿ, ಒಂಬತ್ ದಿವ್ಸ ಆಯ್ತು."

"ಮೀನಿಂದು ಅಂತ ಗೊತ್ತಿರಲಿಲ್ವಾ ಯಜಮಾನರೇ?"

"ಡಬ್ಬಿ ಮೇಲೆ ಚಿತ್ರ ಐತಲ್ಲ ಸಾರ್. ಕುರುಡೇನು ನಾನು?"

ಡಾಕ್ಟರು ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಈ ಕಾಯಿಲೆಗೆ ಅದರಿಂದ ಅಂಥ ಉಪಯೋಗ ಏನೂ ಇಲ್ಲ," ಎಂದು ಮೆಲ್ಲಗೆ ಹೇಳಿದರು.

"ಹೌದಾ," ಎಂದರು ಮಾವನವರು.

ಹೊರಗೆ ಬೆಂಚಿನ ಮೇಲೆ ಕೂತೆವು. ಒಂಬತ್ತು ದಿನದ ಹಿಂದೆ ಊರಿಗೆಲ್ಲ ನಾನು ಗುಂಡುಕಲ್ಲು. ಮತ್ತೆ ಹೊಸ ಔಷಧಿಯ ಪ್ರಯೋಗ ಯಾಕೆ ಶುರುವಾಯಿತು? ಕೇಳಿದೆ. ಅವರು ಟವೆಲಿನ ಅಂಚು ಮಡಚುತ್ತಾ ಕೂತರು.

"ಕಕ್ಕಸಲ್ಲಿ ನೀನು ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ಕೇಳಿಸ್ತಿತ್ತು."

"ಗೊತ್ತಿದ್ದೂ, ನಾನು ಇಲ್ಲ ಅಂದಾಗ ಮತ್ತೆ ಯಾಕೆ ಕೇಳಲಿಲ್ಲ ಮಾವ? ಅಂಗಡಿಯಲ್ಲಿ ಎಲ್ಲರಿಗೂ ಚೆನ್ನಾಗಿದಾಳೆ ಅಂತಿದ್ರಲ್ಲ?"

"ಕೇಳಕ್ ಧೈರ್ಯ ಬರ್ಲಿಲ್ಲ ಕಣವ್ವ. ನೂರ್ ಜನಕ್ಕೆ ಚೆನ್ನಾಗವ್ಳೆ ಅಂದ್ರೆ, ಚೆನ್ನಾಗಾಗ್ಬಿಡ್ತೀಯೇನೋ ಅಂತಿದ್ದೆ." ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಪೂಜೆ ಮಾಡ್ವಾಗ ಲಿಂಗಕ್ಕೂ ಹೇಳ್ಬಿಟ್ಟೆ. ಇಂಥಾದ್ದು ನುಂಗ್ತೀನಪ್ಪ, ಪಾಪ ಬಂದ್ರೆ ನಂಗ್ ಬರ್ಲಿ, ಹುಡುಗಿ ಒಂದ್ ಉಳೀಲಿ ಅಂತ," ಎಂದರು.

ನರ್ಸು ಬಂದು ನನ್ನ ಹೆಸರು ಕೂಗಿದಳು. ಎದ್ದು ನಿಂತೆ. ಎರಡು ವರ್ಷದಲ್ಲಿ ಗಂಡನಿಗೂ ಹೇಳದಿದ್ದ ಮಾತನ್ನು ಹೇಳಿದೆ. "ನನಗೆ ತುಂಬಾ ಹೆದರಿಕೆ ಆಗ್ತಿದೆ ಮಾವ."

"ನಂಗೂ ಆಗ್ತೈತೆ," ಎಂದರು.

ನಮ್ಮ ಮನೆತನದಲ್ಲಿ ಮಾವಂದಿರು ಸೊಸೆಯ ಕೈ ಮುಟ್ಟುವ ರೂಢಿಯಿಲ್ಲ. ಅವರು ನನ್ನ ಮುಂಗೈ ಹಿಡಿದುಕೊಂಡು ಆ ಕೋಣೆಯ ಬಾಗಿಲವರೆಗೂ ನಡೆದು ಬಂದರು. ನರ್ಸು ಎರಡು ಸಲ ಹೇಳುವವರೆಗೂ ಬಿಡಲಿಲ್ಲ.